ಅರಬ್ಬಿ ಸಮುದ್ರದಲ್ಲಿ ತೂಫಾನು ಏಳುವಾಗ ಮನೆಯಿಂದಲೇ ಗಮನಿಸುವುದು ಹೇಗೆ: ಹಂತ ಹಂತವಾಗಿ

ಮೇ ತಿಂಗಳ ಮಧ್ಯ ಬಂತು ಅಂದರೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಓಡಾಡಲು ಶುರುವಾಗುತ್ತದೆ. ಅರಬ್ಬಿ ಸಮುದ್ರದ ನಡುವೆ ನೇರಳೆ ಬಣ್ಣದ ದೊಡ್ಡ ಸುಳಿ, ಮೂಲೆಯಲ್ಲಿ ಹತ್ತು ದಿನ ಆಚೆಗಿನ ತಾರೀಕು. ಅಕ್ಟೋಬರ್‌ನಲ್ಲಿ ಮತ್ತೆ ಅದೇ ಕಥೆ. ಹೆಚ್ಚಿನ ಸಲ ಆ ಸುಳಿ ಹುಟ್ಟುವುದೇ ಇಲ್ಲ. ಹುಟ್ಟಿದಾಗ ಜನ ನಂಬುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾಲ್ಕು ಸಲ ಮೋಸ ಹೋಗಿರುತ್ತಾರೆ.

ಹವಾಮಾನದ ಹುಚ್ಚು ಹಿಡಿಸಿಕೊಂಡ ಹೊಸಬರು ನನ್ನ ಹತ್ತಿರ ಕೇಳುವ ಪ್ರಶ್ನೆಗಳನ್ನು ನೋಡಿದರೆ, ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ನಾಳೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡುತ್ತಾರೆ. ಇವತ್ತು ಎಲ್ಲಿದೆ ಎಂದು ನೋಡುವುದೇ ಇಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಮಾಡೆಲ್‌ಗಳ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಮುನ್ಸೂಚನೆಗಳ ಬಣ್ಣದ ನಕ್ಷೆ ಆರನೇ ಹಂತದಲ್ಲಿ ಬರುತ್ತದೆ, ಅದಕ್ಕಿಂತ ಮುಂಚೆ ತೆರೆಯಬೇಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಕಲಿಯಲಿಕ್ಕೆ, ಅರ್ಥ ಮಾಡಿಕೊಳ್ಳಲಿಕ್ಕೆ. ಬೋಟು ಇಳಿಸಬೇಕೋ ಬೇಡವೋ, ಮನೆ ಬಿಡಬೇಕೋ ಬೇಡವೋ ಎನ್ನುವುದಕ್ಕೆ ಭಾರತೀಯ ಹವಾಮಾನ ಇಲಾಖೆಯ, ಅಂದರೆ ಐಎಂಡಿಯ ಎಚ್ಚರಿಕೆ ಮತ್ತು ಜಿಲ್ಲಾಡಳಿತದ ಮಾತೇ ಕೊನೆಯದು.

## ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಅಕ್ಷಾಂಶ ರೇಖಾಂಶದ ಗೆರೆ ಇರುವ ಅರಬ್ಬಿ ಸಮುದ್ರದ ಖಾಲಿ ನಕ್ಷೆ. ನಕ್ಷೆಯನ್ನು ನಾಲ್ಕೈದು ಪ್ರತಿ ಪ್ರಿಂಟ್ ಮಾಡಿಟ್ಟುಕೊಳ್ಳಿ, ಸಮಭಾಜಕದಿಂದ 25 ಡಿಗ್ರಿ ಉತ್ತರದವರೆಗೆ, 50ರಿಂದ 78 ಡಿಗ್ರಿ ಪೂರ್ವದವರೆಗೆ ಇದ್ದರೆ ಸಾಕು. ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆಯಾ ನೋಡಿ. ಎಲ್ಲ ಫೋನಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಸಣ್ಣ ಬ್ಯಾರೋಮೀಟರ್ ಒಂದನ್ನು ಕೊಂಡರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಬ್ರೌಸರ್‌ನಲ್ಲಿ ಇಷ್ಟನ್ನು ಗುರುತು ಮಾಡಿಟ್ಟುಕೊಳ್ಳಿ: ಐಎಂಡಿಯ ಚಂಡಮಾರುತ ವಿಭಾಗದ ತಾಣ, ಇನ್ಸಾಟ್ ಉಪಗ್ರಹದ ಚಿತ್ರಗಳನ್ನು ತೋರಿಸುವ ಐಎಂಡಿಯ ರ‍್ಯಾಪಿಡ್, ಸಮುದ್ರದ ಅಲೆಗಳಿಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್, ಮಳೆಯ ಲೆಕ್ಕಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಮತ್ತು ಮಾಡೆಲ್ ನೋಡಲು ವಿಂಡಿ ಅಥವಾ ಅಂಥದ್ದೇ ಇನ್ನೊಂದು.

## ಹಂತ 1: ಪದವನ್ನು ಸರಿಯಾಗಿ ಓದಿ

ನಮ್ಮ ಪತ್ರಿಕೆಗಳಲ್ಲಿ ಎಲ್ಲದಕ್ಕೂ 'ವಾಯುಭಾರ ಕುಸಿತ' ಎಂದು ಬರೆಯುತ್ತಾರೆ. ಹೊಸಬರ ಗೊಂದಲದ ಅರ್ಧ ಪಾಲು ಇಲ್ಲೇ ಹುಟ್ಟುತ್ತದೆ. ಐಎಂಡಿಯ ಬುಲೆಟಿನ್‌ನಲ್ಲಿ ಒಂದೊಂದು ಹೆಸರಿಗೂ ಒಂದೊಂದು ಗಾಳಿಯ ವೇಗ ಇದೆ, ಅದನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಗಾಳಿ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು 'ಲೋ', ಸುಮ್ನೆ ಒತ್ತಡ ಕಡಿಮೆಯಾದ ಪ್ರದೇಶ. 31ರಿಂದ 49 ಇದ್ದರೆ 'ಡಿಪ್ರೆಶನ್'. 50ರಿಂದ 61 ಇದ್ದರೆ 'ಡೀಪ್ ಡಿಪ್ರೆಶನ್'. 62 ಮುಟ್ಟಿದ ಮೇಲೆ ಮಾತ್ರ ಚಂಡಮಾರುತ, ಹೆಸರು ಸಿಗುವುದೂ ಆಗಲೇ. 89ರಿಂದ 'ತೀವ್ರ', 118ರಿಂದ 'ಅತಿ ತೀವ್ರ', 167ರಿಂದ ಅದಕ್ಕಿಂತ ಮೇಲಿನ ದರ್ಜೆ, 222 ದಾಟಿದರೆ ಸೂಪರ್ ಸೈಕ್ಲೋನ್. 2019ರ ಅಕ್ಟೋಬರ್‌ನಲ್ಲಿ ಬಂದ ಕ್ಯಾರ್ ಈ ಕೊನೆಯ ದರ್ಜೆಗೆ ಹೋಗಿತ್ತು.

ಇಲ್ಲಿ ಆಗುವ ತಪ್ಪು ಎರಡು. ಇನ್ನೂ ಲೋ ಆಗಿರುವುದಕ್ಕೆ ಜನರೇ ಹೆಸರಿಟ್ಟು ಹಂಚುವುದು ಒಂದು. ಹೆಸರುಗಳ ಪಟ್ಟಿ ಮುಂಚೆಯೇ ಸಿದ್ಧ ಇರುತ್ತದೆ (13 ದೇಶಗಳು ತಲಾ 13 ಹೆಸರು ಕೊಟ್ಟು 2020ರಲ್ಲಿ ಮಾಡಿದ 169 ಹೆಸರುಗಳ ಪಟ್ಟಿ), ಹಾಗಾಗಿ ಮುಂದಿನ ಹೆಸರು ಯಾವುದು ಎಂದು ಯಾರು ಬೇಕಾದರೂ ಊಹಿಸಬಹುದು. ಐಎಂಡಿ ಕೊಡುವವರೆಗೆ ಅದು ಹೆಸರಲ್ಲ. ಎರಡನೆಯದು, ಅಮೆರಿಕದ ನೌಕಾಪಡೆಯ ಎಚ್ಚರಿಕೆ ಕೇಂದ್ರವಾದ ಜೆಟಿಡಬ್ಲ್ಯುಸಿಯ ಅಂಕಿಯನ್ನೂ ಐಎಂಡಿಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು 'ಐಎಂಡಿ ಕಡಿಮೆ ಹೇಳುತ್ತಿದೆ' ಎನ್ನುವುದು. ಐಎಂಡಿ ಮೂರು ನಿಮಿಷದ ಸರಾಸರಿ ಗಾಳಿ ಕೊಡುತ್ತದೆ, ಅವರು ಒಂದು ನಿಮಿಷದ್ದು. ಒಂದು ನಿಮಿಷದ ಅಂಕಿ ಸಹಜವಾಗಿಯೇ ಸ್ವಲ್ಪ ಮೇಲಿರುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಕೊನೆಯವರೆಗೆ ಅದನ್ನೇ ಬರೆಯಿರಿ.

## ಹಂತ 2: ಗಡಿಯಾರ ಸರಿ ಮಾಡಿಕೊಳ್ಳಿ

ಬುಲೆಟಿನ್, ಉಪಗ್ರಹದ ಚಿತ್ರ, ಮಾಡೆಲ್, ಹೆಚ್ಚಿನ ಕಡೆ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. 00 ಯುಟಿಸಿ ಅಂದರೆ ನಮಗೆ ಬೆಳಗ್ಗೆ 5:30, 03 ಅಂದರೆ 8:30, 12 ಅಂದರೆ ಸಂಜೆ 5:30, 18 ಅಂದರೆ ರಾತ್ರಿ 11:30. '12 ಯುಟಿಸಿ' ಎಂದು ಓದಿ ಮಧ್ಯಾಹ್ನ ಎಂದುಕೊಂಡವರನ್ನು ಬಹಳ ನೋಡಿದ್ದೇನೆ. ಐದೂವರೆ ಗಂಟೆಯ ತಪ್ಪು ಅಂದರೆ ತೂಫಾನಿನ ಜಾಗ ಎಪ್ಪತ್ತು ಎಂಬತ್ತು ಕಿಲೋಮೀಟರ್ ಆಚೀಚೆ ಆಗಬಹುದು.

ಗಾಳಿ ನಾಟ್‌ನಲ್ಲಿದ್ದರೆ 1.85ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ.

## ಹಂತ 3: ಸಮುದ್ರ ತಯಾರಿದೆಯಾ ನೋಡಿ

ದಿನಾ ಮಧ್ಯಾಹ್ನದ ಹೊತ್ತಿಗೆ ಐಎಂಡಿ 'ಟ್ರಾಪಿಕಲ್ ವೆದರ್ ಔಟ್‌ಲುಕ್' ಎಂಬ ಟಿಪ್ಪಣಿ ಹಾಕುತ್ತದೆ. ಅದರಲ್ಲಿ ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಬೇರೆ ಬೇರೆಯಾಗಿ, ಮುಂದಿನ ದಿನಗಳಲ್ಲಿ ಡಿಪ್ರೆಶನ್ ಹುಟ್ಟುವ ಸಾಧ್ಯತೆ ಎಷ್ಟು ಎಂದು 24 ಗಂಟೆಗಳ ತುಂಡು ಮಾಡಿ ಕೊಟ್ಟಿರುತ್ತಾರೆ. ಇಲ್ಲಿ 'ಲೋ' ಅಂದರೆ ಕಡಿಮೆ ಸಾಧ್ಯತೆ, ಶೇ. 33ರವರೆಗೆ, 'ಮಾಡರೇಟ್' ಅಂದರೆ 67ರವರೆಗೆ, ಅದರ ಮೇಲೆ 'ಹೈ'. ಮೊದಲು ಇದನ್ನು ಓದಿ. ಎಲ್ಲ ಖಾನೆಯಲ್ಲೂ 'ನಿಲ್' ಇದ್ದರೆ ಆ ದಿನ ಬೇರೆ ಕೆಲಸ ನೋಡಿಕೊಳ್ಳಬಹುದು.

'ಮಾಡರೇಟ್' ಬಂದಾಗ ಮೂರು ವಿಷಯ ಪರೀಕ್ಷಿಸಿ. ಸಮುದ್ರದ ಮೇಲ್ಮೈ ಬಿಸಿ 26.5 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಮೇ ತಿಂಗಳಲ್ಲಿ ನಮ್ಮ ಸಮುದ್ರ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ, 30 ದಾಟುವುದೂ ಉಂಟು, ಹಾಗಾಗಿ ಬಿಸಿ ಒಂದನ್ನೇ ನೋಡಿ 'ಬರುತ್ತದೆ' ಎಂದರೆ ಪ್ರತಿ ವರ್ಷವೂ ಬರಬೇಕಾಗುತ್ತದೆ. ನಿಜವಾಗಿ ತೀರ್ಮಾನ ಮಾಡುವುದು ಎರಡನೆಯದು, ವಿಂಡ್ ಶಿಯರ್. ಕೆಳಗಿನ ಗಾಳಿ ಒಂದು ಕಡೆ, ಹನ್ನೆರಡು ಕಿಲೋಮೀಟರ್ ಮೇಲಿನ ಗಾಳಿ ಇನ್ನೊಂದು ಕಡೆ ಜೋರಾಗಿ ಎಳೆದರೆ ಸುಳಿಯ ತಲೆ ಒಂದು ಕಡೆ, ಬುಡ ಒಂದು ಕಡೆ ಆಗುತ್ತದೆ. ಇದು 20 ನಾಟ್‌ಗಿಂತ ಕಡಿಮೆ ಇದ್ದರೆ ಬೆಳೆಯಲು ಅವಕಾಶ ಉಂಟು. ಜುಲೈ ಆಗಸ್ಟ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ತೀರಾ ಅಪರೂಪ ಆಗಿರುವುದಕ್ಕೆ ಮುಖ್ಯ ಕಾರಣ ಇದೇ: ಕೆಳಗೆ ಮುಂಗಾರಿನ ಪಡುವಣ ಗಾಳಿ, ಮೇಲೆ ಮೂಡಣದಿಂದ ಬೀಸುವ ಜೋರು ಗಾಳಿ. ಮೂರನೆಯದು, ಅರೇಬಿಯಾದ ಕಡೆಯಿಂದ ಒಣಗಾಳಿ ನುಗ್ಗುತ್ತಿದೆಯಾ ಎನ್ನುವುದು. ಗಾಳಿಯಲ್ಲಿನ ನೀರಾವಿ ತೋರಿಸುವ ಉಪಗ್ರಹದ ವಾಟರ್ ವೇಪರ್ ಚಿತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಶಿಯರ್ ನಕ್ಷೆಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಂಡಮಾರುತ ಪುಟ ಒಳ್ಳೆಯದು, ಹಿಂದೂ ಮಹಾಸಾಗರಕ್ಕೆ ಬೇರೆ ವಿಭಾಗವೇ ಇದೆ.

## ಹಂತ 4: ಕೇಂದ್ರ ಹುಡುಕಿ

ಇಡೀ ಕೆಲಸದಲ್ಲಿ ಅತಿ ಕಷ್ಟದ ಹಂತ ಇದು. ಇಲ್ಲಿ ಸಮಯ ಕೊಡಿ, ಬೇಕಾದರೆ ಎರಡು ದಿನ ಇದೊಂದನ್ನೇ ಅಭ್ಯಾಸ ಮಾಡಿ.

ಎಲ್ಲರೂ ಮಾಡುವ ತಪ್ಪು ಏನೆಂದರೆ, ಉಪಗ್ರಹದ ಚಿತ್ರದಲ್ಲಿ ಅತಿ ಬೆಳ್ಳಗಿನ ದೊಡ್ಡ ಮೋಡದ ಗುಡ್ಡೆಯ ನಟ್ಟನಡುವೆ ಬೆರಳಿಟ್ಟು 'ಇದೇ ಕೇಂದ್ರ' ಎನ್ನುವುದು. ಬೆಳೆಯುತ್ತಿರುವ ತೂಫಾನಿನಲ್ಲಿ ಅದು ಹೆಚ್ಚಿನ ಸಲ ಸುಳ್ಳು. ಮೇಲಿನ ಗಾಳಿ ಮೂಡಣದಿಂದ ಬೀಸುತ್ತಿದ್ದರೆ ಎತ್ತರದ ಮೋಡವೆಲ್ಲ ಪಡುವಣಕ್ಕೆ ತಳ್ಳಲ್ಪಟ್ಟು, ನಿಜವಾದ ಸುಳಿ ಅದರ ಪೂರ್ವದ ಅಂಚಿನಲ್ಲಿ ಬರಿಮೈಯಲ್ಲಿ ತಿರುಗುತ್ತಿರುತ್ತದೆ. ಮುಂಗಾರು ಶುರುವಾಗುವ ಹೊತ್ತಿನಲ್ಲಿ ಇದು ಪದೇ ಪದೇ ಕಾಣುವ ನೋಟ. ಮೋಡದ ಗುಡ್ಡೆಗೂ ಸುಳಿಗೂ ನೂರಾರು ಕಿಲೋಮೀಟರ್ ಅಂತರ ಇರಬಹುದು.

ಹೀಗೆ ಮಾಡಿ. ಬೆಳಗ್ಗೆ ಏಳೂವರೆಯಿಂದ ಒಂಬತ್ತರ ಒಳಗಿನ ವಿಸಿಬಲ್ ಚಿತ್ರಗಳನ್ನು, ಅಂದರೆ ಬಿಸಿಲಿನ ಬೆಳಕಿನಲ್ಲಿ ತೆಗೆದವನ್ನು, ತೆಗೆದುಕೊಳ್ಳಿ. ಆಗ ಬಿಸಿಲು ಓರೆಯಾಗಿ ಬೀಳುವುದರಿಂದ ಕೆಳಗಿನ ಸಣ್ಣ ಮೋಡಗಳ ಸಾಲು ಎದ್ದು ಕಾಣುತ್ತದೆ. ಒಂದೇ ಚಿತ್ರ ನೋಡಬೇಡಿ, ಒಂದು ಗಂಟೆಯ ಚಿತ್ರಗಳನ್ನು ಓಡಿಸಿ ನೋಡಿ. ಬಿಳಿ ಗುಡ್ಡೆಯನ್ನು ಮರೆತು, ಕೆಳಗಿನ ಸಣ್ಣ ಮೋಡಗಳು ಯಾವ ಬಿಂದುವಿನ ಸುತ್ತ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತಿವೆ ಎಂದು ಹುಡುಕಿ. ನಮ್ಮ ಉತ್ತರಾರ್ಧದಲ್ಲಿ ಸುಳಿ ತಿರುಗುವುದು ಆ ಕಡೆಗೇ. ತಿರುಗುವ ಬಿಂದು ಸಿಕ್ಕಿತೋ, ಅದರ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಸಿಗಲಿಲ್ಲವೋ, 'ಕೇಂದ್ರ ಸ್ಪಷ್ಟವಿಲ್ಲ' ಎಂದೇ ಬರೆಯಿರಿ. ಅದೂ ಒಂದು ಮುಖ್ಯ ಮಾಹಿತಿ, ಸುಳಿ ಇನ್ನೂ ಗಟ್ಟಿಯಾಗಿಲ್ಲ ಎಂದು ಅರ್ಥ.

ರಾತ್ರಿ ವಿಸಿಬಲ್ ಚಿತ್ರ ಇಲ್ಲ, ಬಿಸಿಯ ವ್ಯತ್ಯಾಸದಿಂದ ಮೋಡ ತೋರಿಸುವ ಇನ್ಫ್ರಾರೆಡ್ ಒಂದೇ ಗತಿ. ಅದರಲ್ಲಿ ಕೆಳಗಿನ ಮೋಡದ ಬಿಸಿ ಸಮುದ್ರದ ಬಿಸಿಗೆ ಹತ್ತಿರ ಇರುವುದರಿಂದ ಬರಿಮೈ ಸುಳಿ ಕಾಣುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಕೆಂಪು ಕಪ್ಪು ಬಣ್ಣದ ಇನ್ಫ್ರಾರೆಡ್ ಚಿತ್ರ ನೋಡಿ ಭಯ ಬಿದ್ದವರು, ಬೆಳಗ್ಗೆ ಎದ್ದು ವಿಸಿಬಲ್ ನೋಡಿದರೆ ಸುಳಿ ಬೇರೆಲ್ಲೋ ಒಂಟಿಯಾಗಿ ನಿಂತಿರುತ್ತದೆ.

ಇನ್ನೊಂದು ದೊಡ್ಡ ಹೊಂಡ ದಿನದ ಏರಿಳಿತ. ಸಮುದ್ರದ ಮೇಲೆ ಗುಡುಗು ಮೋಡ ನಸುಕಿನಲ್ಲಿ ಉಬ್ಬಿ, ಮಧ್ಯಾಹ್ನದ ಮೇಲೆ ಇಳಿಯುವುದು ಸಹಜ. ಇದು ಗೊತ್ತಿಲ್ಲದವರು ಪ್ರತಿ ಬೆಳಗ್ಗೆ 'ಬಲ ಬಂತು' ಎಂದೂ ಪ್ರತಿ ಸಂಜೆ 'ಸತ್ತು ಹೋಯಿತು' ಎಂದೂ ಬರೆಯುತ್ತಾರೆ. ಇವತ್ತಿನ ಬೆಳಗ್ಗೆ ಎಂಟರ ಚಿತ್ರವನ್ನು ನಿನ್ನೆಯ ಬೆಳಗ್ಗೆ ಎಂಟರ ಚಿತ್ರದ ಪಕ್ಕ ಇಡಿ. ಸಂಜೆಯದನ್ನು ಸಂಜೆಯದರ ಪಕ್ಕ.

ನಿಮ್ಮ ಕೇಂದ್ರ ಸರಿಯಾ ಎಂದು ಪರೀಕ್ಷಿಸಲು ಸ್ಕ್ಯಾಟರೋಮೀಟರ್ ಇದೆ. ಇದು ಉಪಗ್ರಹದಿಂದ ಸಮುದ್ರದ ಮೇಲ್ಮೈಯ ಅಲೆಗಳನ್ನು ಅಳೆದು ಗಾಳಿಯ ದಿಕ್ಕು ವೇಗ ಹೇಳುವ ಉಪಕರಣ. ಯುರೋಪಿನ ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ ನಮ್ಮ ಮೇಲೆ ಬೆಳಗ್ಗೆ ಮತ್ತು ರಾತ್ರಿ ಒಂಬತ್ತೂವರೆಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಅದರ ನಕ್ಷೆಯಲ್ಲಿ ಗಾಳಿ ತೋರಿಸುವ ಬಾಣಗಳು ಪೂರ್ತಿ ಒಂದು ಸುತ್ತು ಮುಚ್ಚಿದ್ದರೆ ಸುಳಿ ಮೇಲ್ಮೈವರೆಗೆ ಇಳಿದಿದೆ. ಒಂದು ಕಡೆ ಗಾಳಿಯೇ ಇಲ್ಲದೆ ಸುತ್ತು ತೆರೆದುಕೊಂಡಿದ್ದರೆ ಇನ್ನೂ ಡಿಪ್ರೆಶನ್ ಆಗಲು ಸಮಯ ಬೇಕು. ಉಪಗ್ರಹ ಅಳೆಯುವ ಎರಡು ಪಟ್ಟೆಗಳ ನಡುವೆ ಖಾಲಿ ಜಾಗ ಇರುತ್ತದೆ, ಎಷ್ಟೋ ಸಲ ನಮಗೆ ಬೇಕಾದ ಕೇಂದ್ರ ಅಲ್ಲೇ ಬಿದ್ದಿರುತ್ತದೆ. ಏನೂ ಮಾಡಲಾಗುವುದಿಲ್ಲ, ಮುಂದಿನ ಹಾಯುವಿಕೆಗೆ ಕಾಯಬೇಕು.

ಬುಲೆಟಿನ್‌ನಲ್ಲಿ 'ಟಿ ನಂಬರ್' ಎಂದು ಬರುತ್ತದೆ, ಅದು ಮೋಡದ ಆಕಾರ ನೋಡಿ ಬಲ ಅಂದಾಜು ಮಾಡುವ ಡ್ವೊರಾಕ್ ವಿಧಾನದ ಅಂಕಿ. ಟಿ 1.5 ಅಂದರೆ ಡಿಪ್ರೆಶನ್, 2.5 ಅಂದರೆ ಚಂಡಮಾರುತ, 4 ಅಂದರೆ ಅತಿ ತೀವ್ರ. ಇಷ್ಟು ಗೊತ್ತಿದ್ದರೆ ಬುಲೆಟಿನ್ ಓದಲು ಸಾಕು, ನೀವೇ ಕೊಡಲು ಹೋಗಬೇಡಿ.

## ಹಂತ 5: ನಕ್ಷೆಯಲ್ಲಿ ಚುಕ್ಕಿ ಇಡಿ

ಡಿಪ್ರೆಶನ್ ಆದ ಮೇಲೆ ಐಎಂಡಿ ಬುಲೆಟಿನ್‌ಗಳು ನಿಯಮಿತವಾಗಿ ಬರುತ್ತವೆ, ಚಂಡಮಾರುತ ಆದ ಮೇಲೆ ಮೂರು ಗಂಟೆಗೊಮ್ಮೆ. ಪ್ರತಿ ಆರು ಗಂಟೆಗೆ ಒಂದು ಚುಕ್ಕಿ ಇಟ್ಟು ಪಕ್ಕದಲ್ಲಿ ಸಮಯ ಬರೆಯಿರಿ. ಫೋನಿನಲ್ಲಿ ಎಲ್ಲ ಸಿಗುವಾಗ ಕೈಯಲ್ಲಿ ಯಾಕೆ ಅನ್ನಿಸುತ್ತದೆ, ಅಲ್ವಾ? ಕೈಯಲ್ಲಿ ಇಟ್ಟ ಚುಕ್ಕಿಗಳ ನಡುವಿನ ಅಂತರ ಚಿಕ್ಕದಾಗುತ್ತ ಬಂದರೆ ಕಣ್ಣಿಗೆ ಹೊಡೆಯುತ್ತದೆ, ಪರದೆಯ ಮೇಲೆ ಅದು ಜಾರಿಹೋಗುತ್ತದೆ.

ಲೆಕ್ಕ ಸುಲಭ. ಒಂದು ಡಿಗ್ರಿ ಅಕ್ಷಾಂಶ ಅಂದರೆ 111 ಕಿ.ಮೀ. ನಮ್ಮ ಕರಾವಳಿಯ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ಅಭ್ಯಾಸಕ್ಕೆ ಒಂದು ಉದಾಹರಣೆ ಮಾಡೋಣ. ಬೆಳಗ್ಗೆ ಕೇಂದ್ರ 11.0 ಉತ್ತರ, 72.5 ಪೂರ್ವದಲ್ಲಿತ್ತು. ಹನ್ನೆರಡು ಗಂಟೆ ಕಳೆದ ಮೇಲೆ 12.0 ಉತ್ತರ, 72.2 ಪೂರ್ವ. ಉತ್ತರಕ್ಕೆ 111 ಕಿ.ಮೀ., ಪಶ್ಚಿಮಕ್ಕೆ 32 ಕಿ.ಮೀ. ಹೋಗಿದೆ. ಅಂದರೆ ಗಂಟೆಗೆ ಒಂಬತ್ತು ಹತ್ತು ಕಿಲೋಮೀಟರ್ ವೇಗದಲ್ಲಿ, ಉತ್ತರದಿಂದ ತುಸು ವಾಯವ್ಯಕ್ಕೆ ವಾಲಿ ಸಾಗುತ್ತಿದೆ. ಮಂಗಳೂರು ಸುಮಾರು 12.9 ಉತ್ತರ, 74.8 ಪೂರ್ವ. ಹಾಗಾದರೆ ಈಗ ಕೇಂದ್ರಕ್ಕೂ ಮಂಗಳೂರಿಗೂ ಸುಮಾರು 300 ಕಿ.ಮೀ.

ಐಎಂಡಿಯ ಜಾಗ ಒಂದು ಬಣ್ಣದಲ್ಲಿ, ನೀವು ಹಂತ 4ರಲ್ಲಿ ಹುಡುಕಿದ್ದು ಇನ್ನೊಂದು ಬಣ್ಣದಲ್ಲಿ ಇರಲಿ. ಎರಡೂ ತುಂಬ ದೂರ ಇದ್ದರೆ ನಿಮ್ಮ ಚಿತ್ರವನ್ನು ಮತ್ತೆ ನೋಡಿ.

## ಹಂತ 6: ಈಗ ಮಾಡೆಲ್ ತೆರೆಯಿರಿ

ಮೊದಲ ಪರೀಕ್ಷೆ: ಮಾಡೆಲ್ ಶುರುವಾದ ಗಂಟೆಯಲ್ಲಿ ಅದು ಸುಳಿಯನ್ನು ಎಲ್ಲಿ ಇಟ್ಟಿದೆ? ನಿಮ್ಮ ನಕ್ಷೆಯ ಚುಕ್ಕಿಗೆ ಹೋಲಿಸಿ. ಇವತ್ತಿನ ಜಾಗವೇ ಇನ್ನೂರು ಕಿಲೋಮೀಟರ್ ತಪ್ಪಿದ್ದರೆ ಅದು ಐದನೇ ದಿನಕ್ಕೆ ಹೇಳುವ ಜಾಗಕ್ಕೆ ಬೆಲೆ ಕೊಡಬೇಡಿ. ಇದನ್ನು ಮಾಡಲಿಕ್ಕೇ ಆರನೇ ಹಂತದವರೆಗೆ ಕಾಯಲು ಹೇಳಿದ್ದು.

ಎರಡನೆಯದು, ಒಂದೇ ಮಾಡೆಲ್ ನಂಬಬೇಡಿ. ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್, ಜರ್ಮನಿಯ ಐಕಾನ್, ನಮ್ಮ ನೊಯ್ಡಾದ ರಾಷ್ಟ್ರೀಯ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ್ದು, ಕಡೇಪಕ್ಷ ಮೂರನ್ನಾದರೂ ನೋಡಿ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಓಡುತ್ತದೆ, ಪ್ರತಿ ಸಲವೂ ಹೊಸ ಚಿತ್ರ ಹುಟ್ಟುತ್ತದೆ, ಎಂಟು ಹತ್ತು ದಿನ ಆಚೆಗೆ ಅರಬ್ಬಿ ಸಮುದ್ರದಲ್ಲಿ ಇಲ್ಲದ ತೂಫಾನನ್ನು ಎಬ್ಬಿಸುವ ಅಭ್ಯಾಸ ಅದಕ್ಕೆ ಇದೆ ಎಂದು ಬಹಳ ಕಾಲ ನೋಡಿದವರೆಲ್ಲ ಹೇಳುತ್ತಾರೆ, ವಾಟ್ಸಾಪ್‌ಗೆ ಬರುವ ನೇರಳೆ ಸುಳಿ ಹೆಚ್ಚಾಗಿ ಅಲ್ಲಿಂದ ಬಂದದ್ದೇ.

ಮೂರನೆಯದು, ಎನ್ಸೆಂಬಲ್ ನೋಡುವುದು ಕಲಿಯಿರಿ. ಒಂದೇ ಮಾಡೆಲನ್ನು ಶುರುವಿನ ಸ್ಥಿತಿ ಚೂರು ಚೂರು ಬದಲಾಯಿಸಿ ಹಲವು ಸಲ ಓಡಿಸಿದ ಕಟ್ಟು ಅದು. ಯುರೋಪಿನದ್ದರಲ್ಲಿ 51 ಗೆರೆಗಳು. ಎಲ್ಲ ಗೆರೆಗಳೂ ಒಟ್ಟಿಗೆ ಹಗ್ಗದಂತೆ ಹೋದರೆ ಹಾದಿ ಸ್ವಲ್ಪ ಭದ್ರ. ಪೊರಕೆಯ ಕಡ್ಡಿಗಳಂತೆ ಹರಡಿದರೆ, ಅರ್ಧ ಒಮಾನ್‌ಗೆ ಅರ್ಧ ಗುಜರಾತಿಗೆ ಹೋದರೆ, ಯಾರಿಗೂ ಇನ್ನೂ ಗೊತ್ತಿಲ್ಲ ಎಂದು ಅರ್ಥ. ಆಗ ನಡುವಿನ ಗೆರೆ ತೆಗೆದುಕೊಂಡು 'ಇಲ್ಲಿಗೆ' ಎನ್ನಬೇಡಿ. ಅರಬ್ಬಿ ಸಮುದ್ರದಲ್ಲಿ ಈ ಇಬ್ಭಾಗ ಮಾಮೂಲು. ಉತ್ತರದಲ್ಲಿ ಹೆಚ್ಚು ಒತ್ತಡದ ಗೋಡೆ ಗಟ್ಟಿಯಾಗಿದ್ದರೆ ತೂಫಾನು ಪಡುವಣಕ್ಕೆ ಹೋಗುತ್ತದೆ, 2018ರ ಮೆಕುನು ಒಮಾನ್‌ನ ಸಲಾಲಾ ಕಡೆಗೆ ಹೋದ ಹಾಗೆ. ಆ ಗೋಡೆಯಲ್ಲಿ ಬಿರುಕು ಬಿದ್ದರೆ ಉತ್ತರಕ್ಕೆ ತಿರುಗುತ್ತದೆ. 2023ರ ಬಿಪರ್‌ಜಾಯ್ ಜೂನ್ 6ಕ್ಕೆ ಡಿಪ್ರೆಶನ್ ಆಯಿತು. ಕಛ್‌ನ ಜಖೌ ಬಂದರಿನ ಹತ್ತಿರ ದಡ ಮುಟ್ಟಿದ್ದು 15ಕ್ಕೆ. ಮೊದಲ ದಿನಗಳಲ್ಲಿ ಮಾಡೆಲ್‌ಗಳು ಅದನ್ನು ಒಮಾನ್, ಪಾಕಿಸ್ತಾನ, ಗುಜರಾತ್ ಎಂದು ಎಲ್ಲೆಲ್ಲೋ ಕಳಿಸುತ್ತಿದ್ದವು.

ಕೆಲವು ವರ್ಷಗಳ ಹಿಂದೆ ನಾನು ಒಂಬತ್ತು ದಿನ ಆಚೆಗಿನ ಮಾಡೆಲ್ ಚಿತ್ರವೊಂದನ್ನು ಮಲ್ಪೆಯಲ್ಲಿ ಬೋಟಿನ ಪಾಲು ಇರುವ ನಮ್ಮ ಮಾವನಿಗೆ ಕಳಿಸಿದೆ. ಅವರು ನಂಬಿ ಹೊರಟಿದ್ದ ಬೋಟನ್ನು ನಿಲ್ಲಿಸಿದರು. ಏನೂ ಬರಲಿಲ್ಲ. ಐಸಿಗೆ, ಡೀಸೆಲಿಗೆ ಹಾಕಿದ ದುಡ್ಡು ಹೋಯಿತು, ಕಲಾಸಿಗಳಿಗೂ ಸಂಪಾದನೆ ಇಲ್ಲ. ದುಡ್ಡಿಗಿಂತ ನನಗೆ ನೋವಾದದ್ದು ಮುಂದಿನ ಸಲ. ನಿಜವಾದ ಎಚ್ಚರಿಕೆ ಬಂದು ಫೋನ್ ಮಾಡಿದಾಗ 'ಅವತ್ತಿನ ಫೋಟೋದ ಹಾಗೇನಾ ಇದು?' ಎಂದು ಕೇಳಿದರು. ಐಎಂಡಿಯ ಬುಲೆಟಿನ್ ಓದಿ ಹೇಳಿದ ಮೇಲೆಯೇ ಒಪ್ಪಿದ್ದು. ಅಂದಿನಿಂದ ಐದು ದಿನ ದಾಟಿದ ಚಿತ್ರವನ್ನು ನಾನು ಯಾರಿಗೂ ಕಳಿಸುವುದಿಲ್ಲ.

## ಹಂತ 7: ಐಎಂಡಿಯ ಹಾದಿ ಮತ್ತು ಕೋನ್

ಐಎಂಡಿಯ ನಕ್ಷೆಯಲ್ಲಿ ಮುಂದಿನ ಹಾದಿಯ ಸುತ್ತ ಮೊರದ ಹಾಗೆ ಅಗಲವಾಗುತ್ತ ಹೋಗುವ ಆಕಾರ ಇರುತ್ತದೆ, ಅದೇ ಕೋನ್. ಅದು ತೂಫಾನಿನ ಗಾತ್ರ ಅಲ್ಲ. ಕೇಂದ್ರ ಎಲ್ಲೆಲ್ಲಿ ಇರಬಹುದು ಎಂಬ ಅಂದಾಜು ಅಷ್ಟೇ. ಮಳೆ, ಗಾಳಿ, ಅಲೆ ಅದರ ಹೊರಗೂ ಇರುತ್ತವೆ.

'ನಮ್ಮ ಊರು ಕೋನ್‌ನಿಂದ ಹೊರಗಿದೆ, ಬಚಾವ್' ಎನ್ನುವವರಿಗೆ 2021ರ ಮೇ ತಿಂಗಳ ತೌಕ್ತೆ ನೆನಪು ಮಾಡಿ. ಅದರ ಕೇಂದ್ರ ಕರ್ನಾಟಕದ ನೆಲದ ಮೇಲೆ ಬರಲೇ ಇಲ್ಲ. ಮೇ 14ಕ್ಕೆ ಲಕ್ಷದ್ವೀಪದ ಬಳಿ ಡಿಪ್ರೆಶನ್ ಆಗಿ, ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ದೀವ್ ಹತ್ತಿರ ದಡ ಮುಟ್ಟಿತು. ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಕಡಲ್ಕೊರೆತಕ್ಕೆ ಮನೆ, ರಸ್ತೆ, ತೆಂಗಿನ ಮರ ಹೋದವು.

ಎಚ್ಚರಿಕೆಗೆ ನಾಲ್ಕು ಮೆಟ್ಟಿಲು. ಸುಮಾರು 72 ಗಂಟೆ ಮುಂಚೆ 'ಪ್ರಿ ಸೈಕ್ಲೋನ್ ವಾಚ್', 48 ಗಂಟೆ ಮುಂಚೆ ಹಳದಿಯ 'ಅಲರ್ಟ್', 24 ಗಂಟೆ ಮುಂಚೆ ಕಿತ್ತಳೆಯ 'ವಾರ್ನಿಂಗ್', 12 ಗಂಟೆ ಮುಂಚೆ ಕೆಂಪಿನ 'ಪೋಸ್ಟ್ ಲ್ಯಾಂಡ್‌ಫಾಲ್ ಔಟ್‌ಲುಕ್', ಅಂದರೆ ದಡ ಮುಟ್ಟಿದ ಮೇಲೆ ಏನಾಗಬಹುದು ಎಂಬ ಸೂಚನೆ. ಬಂದರಿನಲ್ಲಿ ಏರಿಸುವ ಸಿಗ್ನಲ್ ನಂಬರ್ ಬೇರೆಯೇ ಲೆಕ್ಕ. 1 ಮತ್ತು 2 ಅಂದರೆ ಕೆಟ್ಟ ಹವೆ ದೂರದ ಸಮುದ್ರದಲ್ಲಿದೆ, 3 ಮತ್ತು 4 ಅಂದರೆ ಬಂದರಿಗೇ ತಟ್ಟಬಹುದು.

## ಹಂತ 8: ನಿಮ್ಮ ಮನೆಯ ಒತ್ತಡ ಮತ್ತು ಗಾಳಿ

ಬ್ಯಾರೋಮೀಟರ್ ಇದ್ದವರು ಮಾಡುವ ತಪ್ಪು ಒಂದೇ. ಬೆಳಗ್ಗೆ ಹತ್ತಕ್ಕೆ ನೋಡುತ್ತಾರೆ, ಸಂಜೆ ನಾಲ್ಕಕ್ಕೆ ನೋಡುತ್ತಾರೆ, ಮೂರು ಹೆಕ್ಟೊಪಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿದಿದೆ ಎಂದು ಗಾಬರಿಯಾಗುತ್ತಾರೆ. ನಮ್ಮ ಕಡೆ ಒತ್ತಡ ದಿನಾ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹತ್ತು ಗಂಟೆಯ ಸುಮಾರಿಗೆ (ಬೆಳಗ್ಗೆಯೂ ರಾತ್ರಿಯೂ) ಮೇಲೆ, ನಾಲ್ಕರ ಸುಮಾರಿಗೆ ಕೆಳಗೆ. ಆಕಾಶ ಶುಭ್ರವಾಗಿರುವ ದಿನವೂ ಮೂರು ನಾಲ್ಕು ಹೆಕ್ಟೊಪಾಸ್ಕಲ್ ವ್ಯತ್ಯಾಸ ಇರುತ್ತದೆ.

ಹಾಗಾಗಿ ದಿನಾ ಒಂದೇ ಗಂಟೆಗೆ ಓದಿ, ಇಂದಿನದನ್ನು ನಿನ್ನೆಯ ಅದೇ ಗಂಟೆಯದಕ್ಕೆ ಹೋಲಿಸಿ. 24 ಗಂಟೆಯಲ್ಲಿ ಮೂರು ನಾಲ್ಕು ಇಳಿದಿದ್ದರೆ ಅದು ಗಮನಿಸಬೇಕಾದ ಸಂಗತಿ. ಬುಲೆಟಿನ್‌ನ ಅಂಕಿಗೆ ಹೋಲಿಸುವುದಾದರೆ ನಿಮ್ಮ ಮನೆಯ ಎತ್ತರ ಸೇರಿಸಬೇಕು, ಸಮುದ್ರಮಟ್ಟದಿಂದ ಪ್ರತಿ ಎಂಟು ಮೀಟರಿಗೆ ಸುಮಾರು ಒಂದು ಹೆಕ್ಟೊಪಾಸ್ಕಲ್.

ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಒತ್ತಡ ಕಡಿಮೆ ಇರುವ ಜಾಗ ನಿಮ್ಮ ಎಡಗೈ ಕಡೆ, ಸ್ವಲ್ಪ ಮುಂದಕ್ಕೆ ಇರುತ್ತದೆ. ಕರಾವಳಿಯಲ್ಲಿ ನಿಂತವರಿಗೆ ತೂಫಾನು ನೈಋತ್ಯದಲ್ಲಿರುವಾಗ ಗಾಳಿ ಮೂಡಣದಿಂದ, ಆಗ್ನೇಯದಿಂದ ಬರುತ್ತದೆ. ನೇರ ಪಡುವಣಕ್ಕೆ ಬಂದಾಗ ತೆಂಕಣ ಗಾಳಿ. ಉತ್ತರಕ್ಕೆ ದಾಟಿದ ಮೇಲೆ ನೈಋತ್ಯದಿಂದ, ಆಮೇಲೆ ಪಡುವಣದಿಂದ. ಆದರೆ ನಸುಕಿನಲ್ಲಿ ನೆಲದಿಂದ ಕಡಲಿಗೆ ಬೀಸುವ ಮೂಡುಗಾಳಿ ದಿನಾ ಇರುವುದೇ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಡಲಗಾಳಿ ಬರಬೇಕಾದ ಹೊತ್ತಲ್ಲಿ ಬಾರದೆ ಮೂಡಣ ಗಾಳಿಯೇ ಬೀಸುತ್ತಿದ್ದರೆ ಆಗ ನೋಟ್‌ಬುಕ್ ತೆಗೆಯಿರಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತವರಿಗೆ ಗಾಳಿಯ ಈ ಲೆಕ್ಕ ಅಷ್ಟು ಕೆಲಸ ಮಾಡುವುದಿಲ್ಲ, ಘಟ್ಟ ಎಲ್ಲವನ್ನೂ ಕಲಕುತ್ತದೆ.

## ಹಂತ 9: ಕಡಲು ಮತ್ತು ರೇಡಾರ್

ದೂರದ ತೂಫಾನಿನ ಉದ್ದ ಅಲೆ ಗಾಳಿಗಿಂತ ಮುಂಚೆ ದಡಕ್ಕೆ ಬರುತ್ತದೆ. ಸುರಕ್ಷಿತ ಎತ್ತರದಲ್ಲಿ ನಿಂತು ಹತ್ತು ಅಲೆ ಎಣಿಸಿ, ಎಷ್ಟು ಸೆಕೆಂಡ್ ಹಿಡಿಯಿತು ನೋಡಿ, ಹತ್ತರಿಂದ ಭಾಗಿಸಿ. ಸ್ಥಳೀಯ ಗಾಳಿಯ ಅಲೆಗೆ ಸಾಮಾನ್ಯವಾಗಿ ಐದರಿಂದ ಎಂಟು ಸೆಕೆಂಡ್. ಹನ್ನೆರಡು ದಾಟಿದರೆ ಅದು ದೂರದಿಂದ ಬಂದ ಅಲೆ. ಹಾಗೆಂದು ತೂಫಾನಿನದ್ದೇ ಆಗಬೇಕಿಲ್ಲ. ದಕ್ಷಿಣದ ಮಹಾಸಾಗರದಲ್ಲಿ ಎದ್ದ ಅಲೆಗಳೂ ಶುಭ್ರ ಆಕಾಶದ ದಿನ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತವೆ, ಕೇರಳದವರು ಕಳ್ಳಕ್ಕಡಲ್ ಎನ್ನುವುದು ಅದನ್ನೇ. ಇನ್‌ಕಾಯಿಸ್‌ನ ಎಚ್ಚರಿಕೆಯಲ್ಲಿ ಯಾವುದು ಎಂದು ಬರೆದಿರುತ್ತದೆ. ಉಬ್ಬರದ ಸಮಯವನ್ನೂ ನೋಡಿಕೊಳ್ಳಿ, ಹುಣ್ಣಿಮೆ ಅಮಾವಾಸ್ಯೆಯ ಉಬ್ಬರಕ್ಕೆ ತೂಫಾನಿನ ಅಲೆ ಸೇರಿದಾಗಲೇ ಕಡಲ್ಕೊರೆತ ಜಾಸ್ತಿ.

ಗೋವಾ ಮತ್ತು ಕೊಚ್ಚಿಯ ರೇಡಾರ್ ಚಿತ್ರಗಳು ಹತ್ತಿರ ಬಂದ ಮೇಲೆ ಉಪಯೋಗಕ್ಕೆ ಬರುತ್ತವೆ. ದೂರ ಹೋದಂತೆ ರೇಡಾರಿನ ಕಿರಣ ಮೇಲೇರುತ್ತದೆ, ಕೆಳಗಿನ ಮಳೆ ಅದಕ್ಕೆ ಕಾಣುವುದಿಲ್ಲ. ಖಾಲಿ ಕಂಡರೆ ಮಳೆ ಇಲ್ಲ ಎಂದು ಅರ್ಥವಲ್ಲ.

## ನೋಡುತ್ತಲೇ ಇರಬೇಕಾದ ಅಪಾಯದ ಗುರುತುಗಳು

ಬರಿಮೈ ಸುಳಿಯ ಮೇಲೆ ರಾತ್ರೋರಾತ್ರಿ ಗುಡುಗು ಮೋಡ ಕಟ್ಟಿಕೊಂಡು, ಮಧ್ಯಾಹ್ನವೂ ಕರಗದೆ ನಿಂತರೆ ಬಲ ಬರುತ್ತಿದೆ. ಮೋಡ ಸುತ್ತಲೂ ಸಮನಾಗಿ, ಒಂದೇ ಕಡೆ ಎಳೆಯದೆ, ಹೊರಕ್ಕೆ ಹರಿಯುತ್ತಿದ್ದರೆ ಶಿಯರ್ ಬಿಟ್ಟುಕೊಟ್ಟಿದೆ.

ಚುಕ್ಕಿಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಚಿಕ್ಕದಾದರೆ ತೂಫಾನು ನಿಂತಿದೆ, ತಿರುವು ಬರಬಹುದು. ಹಳೆಯ ಹಾದಿಯ ಮುನ್ಸೂಚನೆ ಎಲ್ಲ ಬದಿಗಿಡಿ.

ದಡದ ಹತ್ತಿರವೇ ಹುಟ್ಟಿದ ಸುಳಿ ಎಲ್ಲಕ್ಕಿಂತ ಅಪಾಯ, ಏಕೆಂದರೆ ಸಮಯವೇ ಸಿಗುವುದಿಲ್ಲ. 2017ರ ಓಖಿ ನವೆಂಬರ್ 29ಕ್ಕೆ ಡಿಪ್ರೆಶನ್ ಆಗಿತ್ತು, 30ಕ್ಕೆ ಕನ್ಯಾಕುಮಾರಿ ಸಮುದ್ರದಲ್ಲಿ ಚಂಡಮಾರುತ. ಅಷ್ಟರಲ್ಲಿ ಆಳಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಮರಳಿ ಬರಲಿಲ್ಲ. ಮೇಲಿನ ಹತ್ತು ದಿನದ ಚಿತ್ರಕ್ಕಿಂತ ಈ 24 ಗಂಟೆಯ ಬದಲಾವಣೆಗೆ ಕಣ್ಣು ಕೊಡಿ. ಕರ್ನಾಟಕದ ಯಾಂತ್ರಿಕ ಬೋಟುಗಳಿಗೆ ಜೂನ್ ಮತ್ತು ಜುಲೈ ಪೂರ್ತಿ ರಜೆ. ಆದರೆ ಮೇ ತಿಂಗಳಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಎಲ್ಲರೂ ಕಡಲಲ್ಲೇ ಇರುತ್ತಾರೆ.

## ಹಂತ 10: ಬೇರೆಯವರಿಗೆ ಹೇಳುವಾಗ

ಕಳಿಸುವ ಪ್ರತಿ ಮಾತಿನಲ್ಲೂ ಮೂರು ವಿಷಯ ಇರಲಿ: ಯಾವ ಗಂಟೆಯ ಮಾಹಿತಿ (ನಮ್ಮ ಸಮಯದಲ್ಲಿ), ಯಾರದ್ದು, ಐಎಂಡಿಯ ಈಗಿನ ದರ್ಜೆ ಏನು. ಚಿತ್ರ ಕತ್ತರಿಸಿ ಕಳಿಸಬೇಡಿ, ತಾರೀಕು ಇರುವ ಮೂಲೆ ಹೋಗುತ್ತದೆ. ಅದೇ ಚಿತ್ರ ಮುಂದಿನ ವರ್ಷ ಹೊಸ ತೂಫಾನಾಗಿ ಮರಳಿ ಬರುತ್ತದೆ. ನಿಮ್ಮ ಅಂದಾಜು ಐಎಂಡಿಯದಕ್ಕಿಂತ ಬೇರೆ ಇದ್ದರೆ ನೋಟ್‌ಬುಕ್‌ನಲ್ಲಿ ಬರೆಯಿರಿ, ಗುಂಪಿಗೆ ಹಾಕಬೇಡಿ.

ಕಡಲಲ್ಲಿ ಯಾರಾದರೂ ಸಿಕ್ಕಿಬಿದ್ದ ಸುದ್ದಿ ಬಂದರೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093. ನೆಲದ ಮೇಲಿನ ತೊಂದರೆಗೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ಅಥವಾ 112. ಈ ನಾಲ್ಕನ್ನು ನೋಟ್‌ಬುಕ್‌ನ ಹಿಂದಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ.

ತೂಫಾನು ಮುಗಿದ ಮೇಲೆ ಐಎಂಡಿ ಅದರ ಪೂರ್ತಿ ವರದಿ ಹಾಕುತ್ತದೆ, ತಿದ್ದಿದ ಹಾದಿಯ ಸಮೇತ. ಅದನ್ನು ತೆಗೆದುಕೊಂಡು ನಿಮ್ಮ ನಕ್ಷೆಯ ಮೇಲೆ ಮೂರನೇ ಬಣ್ಣದಲ್ಲಿ ಚುಕ್ಕಿ ಇಡಿ. ನೀವು ಹುಡುಕಿದ ಕೇಂದ್ರ ಎಷ್ಟು ದೂರ ತಪ್ಪಿತ್ತು, ಯಾವ ದಿನ ತಪ್ಪಿತು, ಅವತ್ತು ರಾತ್ರಿಯ ಇನ್ಫ್ರಾರೆಡ್ ನೋಡಿದ್ದಿರೋ ಬೆಳಗಿನ ವಿಸಿಬಲ್ ನೋಡಿದ್ದಿರೋ ಎಂದು ಪಕ್ಕದಲ್ಲೇ ಬರೆದು, ನಕ್ಷೆಯನ್ನು ನೋಟ್‌ಬುಕ್‌ಗೆ ಅಂಟಿಸಿಬಿಡಿ.